ಹೂಂ ಅಂದ ಜಾಗಗಳು

ನವೆಂಬರ್ ಆಗಷ್ಟೇ ಕಾಲಿಟ್ಟಿತ್ತು. ಮೇಪಲ್ ಮರಗಳು ಎಲೆ ಉದುರಿಸುವ ಕೆಲಸವನ್ನು ಹೆಚ್ಚುಕಡಿಮೆ ಮುಗಿಸಿದ್ದವು. ಚರ್ಚಿನ ನೆಲಮಾಳಿಗೆಯ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಸೂರಿಗೆ ತಾಗಿಕೊಂಡು, ಹೊರಗಿನ ಫುಟ್‌ಪಾತಿನ ಮಟ್ಟಕ್ಕೆ. ಅದರಲ್ಲಿ ಯಾರದೋ ರಬ್ಬರ್ ಬೂಟು, ಒಂದು ಕುಂಟೆ, ಕುಂಟೆಯ ಮುಂದೆ ಸರಿಯುವ ಒದ್ದೆ ಎಲೆಯ ರಾಶಿ ಇಷ್ಟೇ ಕಾಣುತ್ತಿತ್ತು. ರಜನಿ ಬೆಳಗಿನಿಂದ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತು ತನ್ನದೇ ದನಿಯನ್ನು ಹೆಕ್ಕಿ ತೆಗೆಯುತ್ತಿದ್ದಳು. ತೆರೆಯ ಮೇಲಿನ ಮುದುಕಿ ಒಂದು ಮಾತು ಹೇಳಿ ಉಸಿರು ತೆಗೆದುಕೊಳ್ಳುತ್ತಾಳೆ, ಅಲ್ಲೊಂದು 'ಹೂಂ'. ಇನ್ನೊಂದು ಮಾತು, ಇನ್ನೊಂದು 'ಹೂಂ'. ಮುದುಕಿಯ ದನಿ ತೆರೆಯ ಕೆಳಗಿನ ದನಿಗೆರೆಯಲ್ಲಿ ಗುಡ್ಡಸಾಲಿನ ಹಾಗೆ ಏರಿಳಿಯುತ್ತಿದ್ದರೆ ನಡುನಡುವೆ ಹುತ್ತದಂತೆ ಎದ್ದುನಿಂತ ಗುಡ್ಡೆಗಳೆಲ್ಲ ರಜನಿಯವು. ಅವನ್ನು ಕತ್ತರಿಸಬೇಕು. ಕತ್ತರಿಸಿದ ಜಾಗವನ್ನು ಖಾಲಿ ಬಿಡುವ ಹಾಗೂ ಇಲ್ಲ. ಬಿಟ್ಟರೆ ಕೇಳುವವರಿಗೆ ತಟ್ಟನೆ ಕಿವಿ ಮುಚ್ಚಿದಂತಾಗುತ್ತದೆ. ಅದಕ್ಕೆಂದೇ ಪ್ರತಿ ಸಲ ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಬಾಯಿ ಮುಚ್ಚಿ ಕೂತು ಆ ಕೋಣೆಯ ಮೌನವನ್ನಷ್ಟೇ ಸ್ವಲ್ಪ ಹೊತ್ತು ಟೇಪಿಗೆ ತುಂಬಿಕೊಳ್ಳುವುದು ವಾಡಿಕೆ. ಆ ಮೌನದಿಂದ ಚೂರು ಕತ್ತರಿಸಿ ತಂದು ತೇಪೆ ಹಾಕಬೇಕು. ಮೌನವೂ ಬರಿಯ ಮೌನವಲ್ಲ. ಅದರಲ್ಲಿ ಗೋಡೆ ಗಡಿಯಾರ ನಡೆಯುತ್ತದೆ, ದೂರದಲ್ಲಿ ಒಂದು ಬಸ್ಸು ಬ್ರೇಕು ಹಾಕುತ್ತದೆ, ಆ ಮುದುಕಿ, ಮಿಸ್ ಲುವೀನಿಯಾ, ಮೂಗಿನಿಂದ ಉಸಿರಾಡುತ್ತಾಳೆ.

ಅವಳು ಸತ್ತು ಎರಡು ವಾರವಾಗಿತ್ತು. ನಾಳೆ, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಇದೇ ಚರ್ಚಿನ ಮೇಲಿನ ಸಭಾಂಗಣದಲ್ಲಿ ಚಿತ್ರ ತೋರಿಸುವುದಿತ್ತು. ಸಿಯಾಟಲ್ ಸೀಮೆಯಲ್ಲಿ ಯಾವ ಯಾವ ಬಾಗಿಲನ್ನು ಮೊದಲು ದಾಟಿದ ಕಪ್ಪು ಹೆಂಗಸರು ಯಾರು ಎಂದು ಈ ಕೇರಿಯ ಜನರೇ ಸೇರಿ ಮಾಡಿದ ಚಿತ್ರ. ಮಿಸ್ ಲುವೀನಿಯಾ ಗ್ರೇವ್ಸ್ ಯುದ್ಧಕಾಲದಲ್ಲಿ ಲೂಸಿಯಾನದಿಂದ ಬಂದು ಹಡಗುಕಟ್ಟೆಯಲ್ಲಿ ದುಡಿದವಳು. ಆಮೇಲೆ ಡುವಾಲ್ ಕಡೆಯ ಕಣಿವೆಯಲ್ಲಿ ಕೊಟ್ಟಿಗೆ ಕೊಟ್ಟಿಗೆ ಸುತ್ತಿ ಹಾಲು ಪರೀಕ್ಷೆ ಮಾಡುವ ಸರ್ಕಾರಿ ಕೆಲಸಕ್ಕೆ ಸೇರಿದಳು. ಆ ಕೆಲಸದಲ್ಲಿ ಅವಳಿಗಿಂತ ಮುಂಚೆ ಅವಳ ಜನದ ಹೆಂಗಸರು ಯಾರೂ ಇರಲಿಲ್ಲ. ರಜನಿಗೆ ಈ ಜನರ ಪರಿಚಯ ಆದದ್ದು ತನ್ನ ಮನೆಯಿರುವ ನ್ಯೂಕ್ಯಾಸಲ್‌ನ ಲೈಬ್ರರಿಯ ನೋಟಿಸ್ ಬೋರ್ಡಿನಿಂದ. ಗಂಡನ ಬೆನ್ನಿಗೆ ಡಿಪೆಂಡೆಂಟ್ ವೀಸಾದ ಮೇಲೆ ಬಂದವಳು, ಸಂಬಳದ ಕೆಲಸ ಮಾಡುವ ಹಾಗಿಲ್ಲ. ಸಂಬಳವಿಲ್ಲದ ಕೆಲಸ ಯಾರೂ ಬೇಡವೆನ್ನುವುದಿಲ್ಲ. ತಂಡದ ಮುಖ್ಯಸ್ಥೆ ಡೆನೀಸ್, ಈ ಕೇರಿಯಲ್ಲೇ ಹುಟ್ಟಿ ಬೆಳೆದ ನಲವತ್ತರ ಹೆಂಗಸು, ಮೊದಲ ದಿನವೇ ಅವಳ ಕೈಗೆ ಮೈಕು ಕೊಟ್ಟು, "ನಿಂಗೆ ದನ ಕರು ಗೊತ್ತು ಅಂದ್ಯಲ್ಲ, ಮಿಸ್ ಲುವೀನಿಯಾ ಜೊತೆ ನೀನೇ ಮಾತಾಡು" ಎಂದಿದ್ದಳು. ಡೆನೀಸ್ ಇಂಗ್ಲಿಷಿನಲ್ಲಿ ಆಡಿದ್ದು ರಜನಿಯ ತಲೆಯೊಳಗೆ ಬೆಂಗಳೂರಿನ ಮಾತಾಗಿ ಇಳಿಯುತ್ತಿತ್ತು. ಆದರೆ ಮಿಸ್ ಲುವೀನಿಯಾಳ ಇಂಗ್ಲಿಷು, ಆ ಎಳೆದೆಳೆದು ಆಡುವ ದಕ್ಷಿಣದ ಇಂಗ್ಲಿಷು, ಯಾಕೋ ಏನೋ, ಮದ್ದೂರಿನಾಚೆಯ ತನ್ನೂರಿನ ಮಾತಾಗಿಯೇ ಕೇಳುತ್ತಿತ್ತು. "ಕುಂತ್ಕೊ ಕಣವ್ವ, ನಿಂತ್ಕಂಡು ಯಾಕೆ ಕಾಲ್ ನೋಯಿಸ್ಕತೀಯ" ಎಂದು ಬಾಗಿಲಲ್ಲೇ ಕೈ ಹಿಡಿದಿದ್ದಳು ಮುದುಕಿ.

ಆ ಮೊದಲ ದಿನ ಎಷ್ಟು ಮಾತಾಡಿದಳು! ಕೊಟ್ಟಿಗೆಗಳ ಬಿಸಿ ವಾಸನೆ, ಹುದುಗಿಸಿದ ಜೋಳದ ಮೇವಿನ ಹುಳಿ ಘಾಟು, ಹೊಸ ಮನುಷ್ಯರ ಮುಖ ಕಂಡರೆ ಕಾಲು ಝಾಡಿಸುವ ಒಂದು ಕೆಂದು ಹಸು, ಬಾಗಿಲು ತೆರೆಯದೆ ಕಿಟಕಿಯಿಂದಲೇ 'ನಾಳೆ ಬಾ' ಎನ್ನುವ ಮನೆಯೊಡತಿಯರು. "ಹಸ ಯಾವತ್ತೂ ನನ್ನ ಬಣ್ಣ ಕೇಳ್ನಿಲ್ಲ. ಆದ್ರೆ ಹಸ ಸಾಕಿದೋನಿದ್ದನಲ್ಲ..." ಹೂಂ. "ಅವನ ನಾಯಿನೂ ಕೇಳ್ನಿಲ್ಲ ಅನ್ನು." ಹೂಂ. ಮುದುಕಿ ನಕ್ಕು ಕೆಮ್ಮಿ ಮತ್ತೆ ನಕ್ಕು, ರಜನಿಯ ಮೊಣಕಾಲು ತಟ್ಟಿದ್ದಳು. ಅಡಿಗೆಮನೆಯ ಗೋಡೆಯಲ್ಲಿ ಉದ್ದ ಹಿಡಿಕೆಯ ತಗಡಿನ ಸೌಟೊಂದು ಮೊಳೆಗೆ ತೂಗುತ್ತಿತ್ತು, ದೇವರ ಪಟ ತೂಗುಹಾಕುವಂಥ ಜಾಗದಲ್ಲಿ. ಅದೇನೆಂದು ರಜನಿ ಕೇಳಿದಾಗ ಮುದುಕಿ ಅದರ ಕಡೆ ನೋಡದೆಯೇ "ಅದಾ, ಅದು ದೊಡ್ಡ ಕತೆ. ಅದ್ಕೆ ಬೇರೆ ದಿನ ಬೇಕು" ಎಂದಳು. ರಜನಿಗೆ ತಾನು ಹೂಂಗುಟ್ಟುತ್ತಿದ್ದೇನೆ ಎಂಬ ಎಚ್ಚರವೇ ಇರಲಿಲ್ಲ. ಸುಗ್ಗಿ ಮುಗಿದ ಸಂಜೆಗಳಲ್ಲಿ ಅವರೆಕಾಯಿ ಸುಲಿಯುತ್ತಾ ಕತೆ ಹೇಳುತ್ತಿದ್ದ ಅಜ್ಜಿ ಬೆಟ್ಟಮ್ಮ ಕಲಿಸಿದ್ದು ಅದು. ಮೊಮ್ಮಕ್ಕಳು ಹೂಂ ಅನ್ನಬೇಕು. ಅನ್ನದಿದ್ದರೆ ರಾಜಕುಮಾರ ಕುದುರೆ ಹತ್ತಿದವನು ಹಾಗೇ ಕೂತಿರುತ್ತಾನೆ, ಬೆಟ್ಟಮ್ಮನ ಬೆರಳು ಅವರೆಕಾಯಲ್ಲಿ ಆಡುತ್ತಿರುತ್ತದೆ, ಕತೆ ಮಾತ್ರ ಮುಂದಕ್ಕೆ ಹೋಗುವುದಿಲ್ಲ. "ಯಾಕಜ್ಜಿ?" ಎಂದರೆ, "ನೀವು ಅಲ್ಲಿದ್ದೀರೋ ಇಲ್ವೋ ನಂಗೇನ್ ಗೊತ್ತು? ಗ್ವಾಡೆಗೆ ಹೇಳ್ಲಾ?" ಎನ್ನುತ್ತಿದ್ದಳು.

ಟೇಪನ್ನು ಎಲ್ಲರೂ ಕೂತು ಕೇಳಿದ್ದು ಇದೇ ಕೋಣೆಯಲ್ಲಿ. ಸ್ವಲ್ಪ ಹೊತ್ತಿಗೇ ಡೆನೀಸ್ ಹುಬ್ಬು ಗಂಟಿಕ್ಕಿ, "ಯಾರ ಮನೆ ಫ್ರಿಜ್ಜು ಅದು?" ಎಂದಳು. ಮತ್ತೊಮ್ಮೆ ಕೇಳಿಸಿದರು. "ಫ್ರಿಜ್ ಅಲ್ಲ ಇದು. ರಜನೀ, ನೀನಾ?" ಎಲ್ಲರೂ ತಿರುಗಿ ನೋಡಿದರು. "ಫ್ರಿಜ್ ಆಗಿದ್ರೆ ಪ್ಲಗ್ ಕಿತ್ತು ಹಾಕ್ಬೋದಿತ್ತು ಹನೀ, ನಿನ್ನ ಏನು ಮಾಡ್ಲಿ?" ಕೋಣೆಯೆಲ್ಲ ನಕ್ಕಿತು. ಕೆಟ್ಟ ನಗುವಲ್ಲ ಅದು, ಯಾರ ಮನೆಯಲ್ಲಾದರೂ ನಗುವಂಥದೇ. ರಜನಿ ಎಲ್ಲರಿಗಿಂತ ಹೆಚ್ಚು ನಕ್ಕಳು, ನಗು ನಿಂತ ಮೇಲೂ ಚೂರು ನಕ್ಕಳು, ಕಿವಿಯ ತುದಿ ಸುಡುತ್ತಿದ್ದುದನ್ನು ಕೂದಲಿನಿಂದ ಮುಚ್ಚಿಕೊಂಡಳು. ಆಮೇಲೆ ಡೆನೀಸ್ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲನೆ ಹೇಳಿದ್ದು: "ನೋಡು, ನಮ್ಮ ಅಜ್ಜಿಯರು ಮಾತಾಡಿದಾಗೆಲ್ಲ ಮಧ್ಯ ಬೇರೆ ಯಾರದೋ ದನಿ ಇದ್ದೇ ಇರ್ತಿತ್ತು. ಈ ಸಲ ಇರಬಾರ್ದು. ಬಾಯಿ ಮುಚ್ಚು, ಕಣ್ಣಲ್ಲಿ ಕೇಳು. ಅಷ್ಟೇ." ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿಲ್ಲದಿದ್ದರೆ ರಜನಿ ಅದನ್ನು ಅಷ್ಟು ನೆಟ್ಟಗೆ ಪಾಲಿಸುತ್ತಿರಲಿಲ್ಲವೇನೋ.

ಮೇಜಿನ ಮೇಲೆ ಫೋನು ಗುರುಗುಟ್ಟಿತು. ಗಂಡ ನಾಣಿ. "ಎಲ್ಲಿದೀಯ? ಐದಕ್ಕೆಲ್ಲ ಬೆಲ್ವ್ಯೂನಲ್ಲಿರ್ಬೇಕು ಕಣೇ. ರಾಜ್ಯೋತ್ಸವಕ್ಕೆ ಕೋಸಂಬರಿ ನಮ್ಮದು ಅಂತ ನೀನೇ ಒಪ್ಕೊಂಡಿದೀಯ."

"ಬೇಳೆ ನೆನೆಹಾಕಿದೀನಿ. ನೀರು ಬಸಿದು ಇಡಿ, ಬಂದು ಒಗ್ಗರಣೆ ಹಾಕ್ತೀನಿ."

"ಸಂಬಳ ಇಲ್ಲದ ಕೆಲಸಕ್ಕೆ ಓವರ್‌ಟೈಮ್ ಬೇರೆ. ನನ್ನ ಮ್ಯಾನೇಜರ್‌ಗೆ ಹೇಳ್ತೀನಿ ಇರು, ನಿನ್ನನ್ನೇ ತಗೊಳ್ಳಲಿ." ಹಿಂದಿನಿಂದ ಮಗಳು ಮೇಘನಾಳ ದನಿ: "ಟೆಲ್ ಹರ್ ಐಯಾಮ್ ನಾಟ್ ವೇರಿಂಗ್ ದಟ್ ಲಂಗ! ಇಟ್ ಈಸ್ ಇಚೀ!" ನಾಣಿ ಅವಳಿಗೆ ಏನೋ ಗದರಿ, ಮತ್ತೆ ಫೋನಿಗೆ ಬಾಯಿಟ್ಟು ದನಿ ತಗ್ಗಿಸಿದ. "ಆ ಅಜ್ಜಿದೇನಾ ಮಾಡ್ತಿರೋದು?"

"ಹ್ಞಾ."

"ಸರಿ. ಮುಗಿಸ್ಕೊಂಡೇ ಬಾ. ಒಗ್ಗರಣೆ ನಾನೇ ಹಾಕ್ತೀನಿ, ಸೀದ್ರೆ ಬೈಬೇಡ."

ರಜನಿ ಮತ್ತೆ ಹೆಡ್‌ಫೋನ್ ಏರಿಸಿದಳು. ನಾಣಿ ಬೈದಿದ್ದರೆ ವಾಸಿಯಿತ್ತು ಅನ್ನಿಸಿತು. ಎರಡನೆಯ ಟೇಪು ಕೈಯಲ್ಲಿತ್ತು. ಇದರಲ್ಲಿ ಹೆಕ್ಕುವುದಕ್ಕೆ ಏನೂ ಇಲ್ಲವೆಂದು ಡೆನೀಸ್ ಹೊಗಳಿದ್ದಳು, ಕನ್ನಡಿಯ ಹಾಗಿದೆ ಎಂದಿದ್ದಳು. ಅದರ ಕೊನೆಯ ಮೌನವನ್ನಷ್ಟೇ ಇಳಿಸಿಕೊಂಡಿದ್ದಳು, ಮಾತನ್ನು ಕೇಳಲು ಬೆಳಗಿನಿಂದ ಮನಸ್ಸು ಬಂದಿರಲಿಲ್ಲ. ಆ ದಿನ ಮುದುಕಿ ತಲೆಗೆ ಎಣ್ಣೆ ಹಚ್ಚಿ ಬಾಚಿ, ನೀಲಿ ಅಂಗಿ ತೊಟ್ಟು, ಸೌಟನ್ನು ಮೊಳೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು ಸಿದ್ಧಳಾಗಿ ಕೂತಿದ್ದಳು. ಕತೆ ಶುರುವಾಯಿತು: ಡುವಾಲ್ ದಾಟಿ ನದಿ ಬಳಸಿಕೊಂಡು ಹೋದರೆ ಸಿಗುವ ಒಂದು ಕೊಟ್ಟಿಗೆ. ಒಡೆಯ ಚರ್ಚಿಗೆ ಹೋಗುವವನು, ಹೆದರಿಸುವವನಲ್ಲ, ಬೈಯುವವನಲ್ಲ, ಟೋಪಿ ತೆಗೆದು ಮಾತಾಡಿಸುವವನು. ಎಲ್ಲ ಕ್ಯಾನುಗಳಿಂದಲೂ ಪರೀಕ್ಷೆಯ ಹಾಲನ್ನು ತಾನೇ ತೆಗೆದುಕೊಡುವುದಾಗಿ ಹೇಳುವನು, ನಿಮಗ್ಯಾಕೆ ಶ್ರಮ ಎನ್ನುವನು. ಹೀಗೆಯೇ ಬಹಳ ದಿನ ನಡೆಯಿತು. "ಒಂದಿನ ನಾನೇ ಸೌಟು ತಗಂಡು ಅದ್ದಿಬುಟ್ಟೆ," ಎಂದು ಮುದುಕಿ ನಿಲ್ಲಿಸಿದಳು. ರಜನಿ ಹಲ್ಲುಗಳನ್ನು ಬಿಗಿಹಿಡಿದು ತಲೆಯಾಡಿಸಿದಳು. ಮುದುಕಿಯ ಕಣ್ಣು ಮಸುಕು. ತಲೆಯಾಡಿಸಿದ್ದು ಅವಳಿಗೆ ಕಂಡಿರಲಾರದು. ಅದು ಹೊಳೆದದ್ದು ಈಗ. ಅಥವಾ ಅಂದೇ ಹೊಳೆದಿತ್ತೋ? "ಎಲ್ಗೋಗಿದ್ದೀಯವ್ವ?" ಎಂದಳು ಮುದುಕಿ. ಇಲ್ಲೇ ಇದ್ದೀನಿ ಎಂದು ರಜನಿ ಪಿಸುಗುಟ್ಟಿ ಡೆನೀಸಳ ಕಡೆ ನೋಡಿದಳು. "ಹೋದ ಸಲ ಇದ್ದೆ," ಎಂದಳು ಮುದುಕಿ. ಮತ್ತೆ ಶುರುಮಾಡಿದಳು. ಈಗ ಅದು ಬೇರೆ ದನಿ, ಅರ್ಜಿ ಬರೆಸುವಾಗಿನ ದನಿ. "ಅವನು ನನ್ನ ಕೈಯಿಂದ ಸೌಟು ಈಸ್ಕಂಡ. ಈಸ್ಕಂಡು..." ಗಡಿಯಾರ ನಡೆಯಿತು. ರಜನಿಯ ಗಂಟಲಲ್ಲಿ ಆ ಹೂಂ ಎದ್ದು ಬಂದು ಹಲ್ಲಿನ ಹಿಂದೆ ನಿಂತಿತ್ತು, ಕಟ್ಟಿಹಾಕಿದ ಕರುವಿನ ಹಾಗೆ. ಅವಳು ಬಿಡಲಿಲ್ಲ. ಮುದುಕಿ ಸೌಟಿನ ಬಾಯಿಯನ್ನು ಹೆಬ್ಬೆರಳಿನಿಂದ ಒಂದು ಸುತ್ತು ಸವರಿ, "ಅಷ್ಟೇಯ. ಬಂದ್ ಮಾಡಿ ಅದ್ನ" ಎಂದುಬಿಟ್ಟಳು. ಆಮೇಲೆ ವಾಡಿಕೆಯಂತೆ ಎಲ್ಲರೂ ಸುಮ್ಮನೆ ಕೂತು ಕೋಣೆಯ ಮೌನವನ್ನು ತುಂಬಿಕೊಂಡರು. ಬೆಳಗಿನಿಂದ ರಜನಿ ಕತ್ತರಿಸಿ ಕತ್ತರಿಸಿ ಹಚ್ಚುತ್ತಿದ್ದ ತೇಪೆ ಆ ದಿನದ್ದು.

ಹೊರಡುವಾಗ ಮುದುಕಿ ಅವಳ ಮುಂಗೈ ಹಿಡಿದು, ಗುರುವಾರ ಆ ಯಂತ್ರ ಇಲ್ಲದೆ ಬಾ, ಆ ಬಳೆಯಂಥದು ತಂದಿದ್ದೆಯಲ್ಲ, ಖಾರದ್ದು, ಅದನ್ನೂ ತಾ ಎಂದಿದ್ದಳು. ಗುರುವಾರ ರಾಜ್ಯೋತ್ಸವದ ಕೋಲಾಟದ ಪ್ರಾಕ್ಟೀಸು ಇತ್ತು. ಇದ್ದದ್ದು ನಿಜ. ಆದರೆ ರಜನಿ ಇಲ್ಲದಿದ್ದರೂ ಕೋಲಾಟ ನಡೆಯುತ್ತಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಆ ಮಸುಕುಗಣ್ಣು ಮತ್ತೆ ಕೇಳಿದರೆ ಎಂಬ ಅಳುಕಿಗೆ ಊರಿಕೊಳ್ಳಲು ಒಂದು ಕೋಲು ಸಿಕ್ಕಿತ್ತು. ಫೋನು ಮಾಡಿ ಮುಂದಿನ ವಾರ ಬರುತ್ತೇನೆ ಎಂದಾಗ ಮುದುಕಿ, "ಬಾವ್ವ, ನಾನೆಲ್ಲೂ ಓಡೋಗಕ್ಕಿಲ್ಲ" ಎಂದಳು. ಮುಂದಿನ ವಾರದ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿ, ಅರ್ಧ ಮುಖ ಜಾರಿ, ಮಾತು ಪೂರ್ತಿ ನಿಂತು ಮಲಗಿದ್ದಳು. ರಜನಿ ಕೋಡುಬಳೆಯ ಡಬ್ಬಿ ಹಿಡಿದು ಬಾಗಿಲವರೆಗೆ ಹೋಗಿ, ಒಳಗೆ ಅವಳ ಕಡೆಯವರು ತುಂಬಿರುವುದನ್ನು ನೋಡಿ, ಡಬ್ಬಿಯೊಂದಿಗೇ ಲಿಫ್ಟಿನಲ್ಲಿ ಕೆಳಗಿಳಿದಿದ್ದಳು. ಕೋಡುಬಳೆಯನ್ನು ಆಮೇಲೆ ನಾಣಿ ತಿಂದು, ಮೆತ್ತಗಾಗಿದೆ ಎಂದಿದ್ದ.

ಬಾಗಿಲು ತಟ್ಟಿದ ಸದ್ದು ಹೆಡ್‌ಫೋನಿನ ಒಳಗಿನದೋ ಹೊರಗಿನದೋ ತಿಳಿಯಲಿಲ್ಲ. ತಿರುಗಿದರೆ ಮಿಸ್ ಲುವೀನಿಯಾಳ ತಂಗಿಯ ಮಗಳು ಯೋಲಾಂಡಾ ನಿಂತಿದ್ದಳು. ಆಸ್ಪತ್ರೆಯಲ್ಲಿ ಅಂದು ಬಾಗಿಲಿನಿಂದ ಕಂಡಿದ್ದ ಅಗಲ ಬೆನ್ನು ಇವಳದೇ. ನಾಳೆ ಜನರ ಮುಂದೆ ಎರಡು ಮಾತು ಹೇಳಬೇಕಂತೆ, ಡೆನೀಸ್ ಕೇಳಿದ್ದಾಳಂತೆ. ಅವಳು ಕೈಚೀಲದಿಂದ ಟವೆಲಿನಲ್ಲಿ ಸುತ್ತಿದ್ದೊಂದನ್ನು ತೆಗೆದು ಬಿಚ್ಚಿದಳು. ಸೌಟು.

"ಹುಟ್ಟಿದಾಗಿಂದ ನೋಡ್ತಿದೀನಿ ಇದನ್ನ. ಗೋಡೆ ಮೇಲೇ ಇರೋದು. ಮುಟ್ಟಿದ್ರೆ ಕೈಗೆ ಏಟು ಬೀಳ್ತಿತ್ತು. ಎಷ್ಟು ಸಲ ಕೇಳಿದ್ರೂ ಹೇಳ್ಲಿಲ್ಲ ಆಂಟಿ. ಹೋದ ತಿಂಗಳು ಕೇಳಿದ್ರೆ ಏನಂದ್ಳು ಗೊತ್ತಾ? ಆ ಇಂಡಿಯಾ ಹುಡುಗಿಗೆ ಹೇಳ್ತಾ ಇದೀನಿ, ಅವಳಿಗೆ ಪೂರ್ತಿ ಹೇಳ್ತೀನಿ, ಅವಳಿಗೆ ಕೇಳೋಕೆ ಬರತ್ತೆ ಅಂತ." ಯೋಲಾಂಡಾ ನಕ್ಕು, ಕಣ್ಣಿನ ಮೂಲೆ ಒರೆಸಿಕೊಂಡಳು. "ನಂಗೆ ಹೊಟ್ಟೆಕಿಚ್ಚಾಯ್ತು, ನಿಜ ಹೇಳ್ತೀನಿ. ಏನು ಕತೆ ಇದರದು? ಸಿನಿಮಾದಲ್ಲಿದೆಯಾ?"

"ಸ್ವಲ್ಪ ಇದೆ," ಎಂದಳು ರಜನಿ.

"ಹೇಳು ಮತ್ತೆ." ಯೋಲಾಂಡಾ ಕುರ್ಚಿ ಎಳೆದು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

ರಜನಿ ಶುರುಮಾಡಿದಳು. ಡುವಾಲ್ ಆಚೆಯ ಕೊಟ್ಟಿಗೆ, ಟೋಪಿ ತೆಗೆದು ಮಾತಾಡಿಸುವ ಒಡೆಯ. "ಮ್‌ಹೂಂ," ಎಂದಳು ಯೋಲಾಂಡಾ. ಬೇಡವೆನ್ನುವ ಉಹೂಂ ಅಲ್ಲ, ಮುಂದೆ ಹೇಳು ಎನ್ನುವ ಹೂಂ. ಕ್ಯಾನುಗಳಿಂದ ಹಾಲನ್ನು ಅವನೇ ತೆಗೆದುಕೊಡುತ್ತಿದ್ದ. "ಮ್‌ಹೂಂ." ಪ್ರತಿ ಭಾನುವಾರ ಮೇಲಿನ ಸಭಾಂಗಣದಲ್ಲಿ ಪಾದ್ರಿಯ ಒಂದೊಂದು ಮಾತಿಗೂ ಜನರೆಲ್ಲ ಅನ್ನುವುದು ಇದನ್ನೇ ಅಲ್ಲವೇ, ಮೆಟ್ಟಿಲ ಕೆಳಗೆ ಕೂತು ಎಷ್ಟು ಸಲ ಕೇಳಿಲ್ಲ ತಾನು. ಮುದುಕಿ ತನ್ನಲ್ಲಿ ಕೇಳಿಸಿಕೊಂಡದ್ದು ಇದನ್ನೇ. ಹೂಂ ಸಿಕ್ಕ ನಾಲಿಗೆ ತನಗೆ ತಾನೇ ನಡೆಯತೊಡಗಿತ್ತು. ಒಂದು ದಿನ ಅವಳೇ ಸೌಟು ತೆಗೆದುಕೊಂಡು ಅದ್ದಿದಳು. "ಮ್‌ಹೂಂ!" ಅವನು ಅವಳ ಕೈಯಿಂದ ಸೌಟು ತೆಗೆದುಕೊಂಡ. "ಮ್‌ಹೂಂ." ತೆಗೆದುಕೊಂಡು...

ತೆಗೆದುಕೊಂಡು, ಒಂದು ಗಳಿಗೆ ನೋಡಿ, ತಿರುಗಿ ಅವಳ ಕೈಗೇ ಕೊಟ್ಟ. ಇಟ್ಕೊ, ಇನ್ನು ನಿಂದೇ ಇದು, ನಾನು ಬೇರೆ ತರಿಸ್ತೀನಿ ಎಂದ, ನಗುತ್ತಾ, ಊರಿನ ಡೈರಿಯ ಮುಂದೆ ಸಾಲು ನಿಂತವರೆಲ್ಲ ಕೇಳುವ ಹಾಗೆ. ಹಾಗೆ ಕೊಟ್ಟವನು ರಜನಿಯ ಅಪ್ಪ, ಆ ಹಾಲಿನ ಡೈರಿಯ ಕಾರ್ಯದರ್ಶಿ. ಎಲ್ಲರ ಪಾತ್ರೆಗೂ ಅದ್ದಿದ ಸೌಟನ್ನು ಹೊಲಗೇರಿಯ ಜವರಮ್ಮನ ಪಾತ್ರೆಗೆ ಮಾತ್ರ ಅದ್ದುತ್ತಿರಲಿಲ್ಲ. "ನಿಂದು ಸರಿಯಾಗೇ ಇರ್ತದೆ ಬಿಡು, ನಂಬಿಕೆ" ಎನ್ನುತ್ತಿದ್ದ, ಅವಳ ಹಾಲಿಗೆ ಬೇರೆ ಕ್ಯಾನು ತೋರಿಸುತ್ತಿದ್ದ. ಒಂದು ಬೆಳಿಗ್ಗೆ ಜವರಮ್ಮ ತಾನೇ ಸೌಟು ತೆಗೆದು ತನ್ನ ಹಾಲಿಗೆ ಅದ್ದಿದಳು. ಅಪ್ಪ ಸೌಟನ್ನೇ ಕೊಟ್ಟುಬಿಟ್ಟ, ಎಂಥ ಧಾರಾಳಿ ಗೌಡ ಎಂದಿತು ಊರು. ಸೌಟು ಹಿಡಿದು ಕೇರಿಯ ಕಡೆ ನಡೆದ ಜವರಮ್ಮನ ಬೆನ್ನನ್ನು ರಜನಿ ಸ್ಕೂಲಿನ ಚೀಲ ತಗುಲಿಸಿಕೊಂಡು ನಿಂತು ನೋಡಿದ್ದಳು. ಮಾರನೆಯ ದಿನದಿಂದ ಅವಳು ಹಾಲು ತರಲಿಲ್ಲ.

"ಮ್‌ಹೂಂ?" ಎಂದಳು ಯೋಲಾಂಡಾ, ಮೆಲ್ಲಗೆ. ಮುಂದಕ್ಕೆ ಬಾಗಿದ್ದಳು. ಅವಳ ಬೆರಳು ಸೌಟಿನ ಬಾಯಿಯ ಅಂಚನ್ನು ಸವರುತ್ತಿತ್ತು, ಮುದುಕಿ ಸವರಿದಂತೆಯೇ. ಅದನ್ನೇ ಮುದುಕಿಯ ಕತೆಯ ಕೊನೆಯಾಗಿ ಹೇಳಿಬಿಡಬಹುದಿತ್ತು. ಗೋಡೆಯ ಮೊಳೆಗೂ, ಕೈಗೆ ಬಿದ್ದ ಏಟಿಗೂ, ಎಲ್ಲಕ್ಕೂ ಸರಿಯಾಗಿ ಕೂಡುತ್ತಿತ್ತು ಅದು. ನಾಳೆ ಜನ ಅದನ್ನು ಕೇಳಿ ನಿಟ್ಟುಸಿರು ಬಿಡುತ್ತಿದ್ದರು. ಹಾಗೆಯೇ ಆಗಿತ್ತೇನೋ, ಯಾರು ಬಲ್ಲರು. ಆದರೆ ಬಾಯಿಯ ತುದಿಗೆ ಬಂದು ನಿಂತಿದ್ದ ನಗು ಡುವಾಲಿನ ಆ ಒಡೆಯನದಲ್ಲ, ಅಪ್ಪನದು. ಜವರಮ್ಮನ ಬೆನ್ನನ್ನು ಮಿಸ್ ಲುವೀನಿಯಾಳಿಗೆ ತೊಡಿಸಿ ಇವರ ಚರ್ಚಿನಲ್ಲಿ ನಿಲ್ಲಿಸುವುದು ಹೇಗೆ? ಆಮೇಲೆ ಮಿಸ್ ಲುವೀನಿಯಾಳದು ಎಂಬುದು ಎಲ್ಲಿ ಉಳಿಯಿತು?

"ಅಷ್ಟೇ," ಎಂದಳು. "ಅಲ್ಲಿಗೆ ನಿಲ್ಲಿಸಿದ್ರು. ಪೂರ್ತಿ ಹೇಳ್ಲಿಲ್ಲ."

"ಯಾಕೆ?"

"ನಾನು ಸುಮ್ನೆ ಕೂತಿದ್ದೆ."

ಯೋಲಾಂಡಾಳಿಗೆ ಅದು ಅರ್ಥವಾಗಲಿಲ್ಲ. "ಸುಮ್ನೆ ಕೂತೋರಿಗಲ್ವಾ ಹೇಳೋದು," ಎಂದಳು. ಮತ್ತೆ ಒಂದು ಸಲ, ಅಭ್ಯಾಸದ ಮೇಲೆ ಎಂಬಂತೆ, "ಮ್‌ಹೂಂ" ಎಂದಳು. ಹೊರಗೆ ಕುಂಟೆ ಸಿಮೆಂಟನ್ನು ಕೆರೆಯಿತು. ಆಮೇಲೆ ಅವಳು ಸೌಟನ್ನು ಟವೆಲಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿ, "ಹೋಗ್ಲಿ ಬಿಡು. ಇನ್ನು ಇದು ಬರೀ ಸೌಟು" ಎಂದು ಎದ್ದಳು. ಬಾಗಿಲಲ್ಲಿ ತಿರುಗಿ, ನಾಳೆ ನೀನು ಬರ್ತೀಯಲ್ಲ ಎಂದು ಕೇಳಿದಳು. ರಜನಿ ತಲೆಯಾಡಿಸಿದಳು.

ಮೊದಲ ಟೇಪಿನಲ್ಲಿ ಕೊನೆಯ ಚೂರೊಂದು ಉಳಿದಿತ್ತು. ಅದನ್ನು ಹಾಕಿದಳು. ಮೊದಲ ದಿನದ ಮಾತೆಲ್ಲ ಮುಗಿದು, ಮುದುಕಿ ಎದೆಯ ಮೇಲಿನ ಮೈಕನ್ನು ಬಿಚ್ಚಲು ತಡಕಾಡುತ್ತಿದ್ದಾಳೆ, ಚಿತ್ರ ವಾಲಿಕೊಂಡಿದೆ, ರಜನಿಯ ಮೊಣಕೈ ಅರ್ಧ ಒಳಗೆ ಬಂದಿದೆ. "ಇನ್ನಾ ಬೇಕಾದಷ್ಟು ಅದೆ ಕಣವ್ವ. ಮುಗಿಯೋಗಂಟ ಬತ್ತೀಯ ನೀನು?" ಅಲ್ಲಿ, ಗಡಿಯಾರದ ಎರಡು ಬಡಿತಗಳ ನಡುವೆ, ಹಿಂದೆಮುಂದೆ ನೋಡದ, ಅವರೆಕಾಯಿ ಸುಲಿಯುತ್ತಾ ಕೂತ ಮಗುವಿನಂಥ ಒಂದು 'ಹೂಂ'. ಅದಾದ ಮೇಲೆ ಮುದುಕಿಯ ಮುಖ. ಡೆನೀಸ್ ಇಡೀ ಚಿತ್ರಕ್ಕೆ ಕೊನೆಯದೆಂದು ಆರಿಸಿಟ್ಟ ಮುಖ ಅದೇ, ಹಲ್ಲಿಲ್ಲದ ಆ ನಗು.

ರಜನಿ ಆ ಪುಟ್ಟ ಗುಡ್ಡೆಯ ಎಡಕ್ಕೆ ಒಂದು ಗೆರೆ ಎಳೆದಳು, ಬಲಕ್ಕೆ ಒಂದು ಗೆರೆ ಎಳೆದಳು. ತೇಪೆಯ ಮೌನವನ್ನು ತಂದು ಪಕ್ಕದಲ್ಲಿಟ್ಟುಕೊಂಡಳು. ಅದನ್ನು ಹಚ್ಚಿ ಕೇಳಿದಳು: ಮುದುಕಿ ಕೇಳುತ್ತಾಳೆ, ಯಾರೂ ಉತ್ತರ ಕೊಡುವುದಿಲ್ಲ, ಮುದುಕಿ ನಗುತ್ತಾಳೆ. ತುಂಬಾ ಚೊಕ್ಕವಾಗಿತ್ತು. ಯಾರೂ ಯಾರಿಗೂ ಏನೂ ಮಾತು ಕೊಟ್ಟಿರಲಿಲ್ಲ. ಇನ್ನೊಮ್ಮೆ ಕೇಳಿದಳು. ಆಮೇಲೆ ತೇಪೆಯನ್ನು ಕಿತ್ತು, ತೆಗೆದದ್ದನ್ನು ತಿರುಗಿ ಅದರ ಜಾಗದಲ್ಲೇ ಇಟ್ಟಳು.

ಮೆಟ್ಟಿಲಿನ ಮೇಲಿನಿಂದ ಡೆನೀಸ್ ಕೂಗಿದಳು. "ಕ್ಲೀನಾಯ್ತಾ ರಜನೀ? ಲಾಕ್ ಮಾಡ್ಬೇಕು ನಾನು."

"ಒಂದು ಉಳೀತು. ಕಿತ್ತು ಬರ್ತಾ ಇಲ್ಲ ಅದು."

"ಎಲ್ಲಿ?"

"ಕೊನೇಲಿ."

ಡೆನೀಸ್ ಎರಡು ಮೆಟ್ಟಿಲು ಇಳಿದಳು. "ಕೇಳ್ಸತ್ತಾ ಜನಕ್ಕೆ?"

"ಕೇಳ್ಸತ್ತೆ," ಎಂದಳು ರಜನಿ, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಡುತ್ತಾ.